ಬಾಯಿ, ಗಂಟಲಿಗೂ ತಗಲುವ ಲೈಂಗಿಕ ಸೋಂಕು: ಮುಖಮೈಥುನದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಆಯ್ದುಕೊಂಡಿರುವ ಪತ್ರಗಳೆಲ್ಲ ಮುಖಮೈಥುನಕ್ಕೆ ಸಂಬಂಧಿಸಿದವು. ಬಾಯಿಬಿಟ್ಟು ಕೇಳಲು ಸಂಕೋಚಪಡುವ ವಿಷಯವಾದ್ದರಿಂದ ಅರೆಬರೆ ಮಾಹಿತಿಯೇ ಹೆಚ್ಚು ಓಡಾಡುತ್ತಿದೆ. ಕೆಲವರು ಇಲ್ಲದ ಭಯಕ್ಕೆ ನಿದ್ದೆಗೆಟ್ಟಿದ್ದಾರೆ, ಇನ್ನು ಕೆಲವರು ಕಣ್ಣೆದುರಿನ ಅಪಾಯವನ್ನೇ ಗಮನಿಸಿಲ್ಲ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಮುಖಮೈಥುನದಿಂದ ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತು. ಹಾಗಿದ್ದ ಮೇಲೆ ಕಾಂಡೋಮ್ ಯಾಕೆ? ಸಂಭೋಗಕ್ಕಿಂತ ಇದೇ ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ.

ಗರ್ಭದ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ. ನುಂಗಿದ ವೀರ್ಯ ಹೊಟ್ಟೆಗೆ ಹೋಗುತ್ತದೆಯೇ ಹೊರತು ಗರ್ಭಕೋಶಕ್ಕಲ್ಲ. ಸೋಂಕಿನ ಲೆಕ್ಕವೇ ಬೇರೆ. ಬಾಯಿ, ಗಂಟಲು, ಮೂತ್ರನಾಳ, ಯೋನಿ, ಗುದ ಇವೆಲ್ಲದರ ಒಳಗಿರುವುದು ತೇವವಾದ, ತೆಳುವಾದ ಪೊರೆ. ಒಂದು ಕಡೆ ನೆಲೆಸಬಲ್ಲ ರೋಗಾಣು ಇನ್ನೊಂದು ಕಡೆಯೂ ನೆಲೆಸಬಲ್ಲದು. ಗೊನೊರಿಯಾ, ಸಿಫಿಲಿಸ್, ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕುಗಳು, ಹರ್ಪಿಸ್, ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೂ ಕಾರಣವಾಗುವ ವೈರಸ್) ಎಂಬ ವೈರಸ್ ಸೋಂಕುಗಳು, ಇವೆಲ್ಲ ಬಾಯಿಯ ಮೂಲಕ ಹರಡುತ್ತವೆ. ಜನನಾಂಗದಿಂದ ಬಾಯಿಗೆ ಬರುತ್ತವೆ, ಬಾಯಿಂದ ಜನನಾಂಗಕ್ಕೂ ಹೋಗುತ್ತವೆ.

ಇಲ್ಲಿ ಜನ ಎಡವುವುದು ಒಂದು ಕಡೆ: ವೀರ್ಯ ಬಾಯಿಗೆ ಬೀಳದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಹರ್ಪಿಸ್, ಸಿಫಿಲಿಸ್, ಎಚ್‌ಪಿವಿ ಮೂರಕ್ಕೂ ವೀರ್ಯ ಬೇಕಿಲ್ಲ, ಚರ್ಮಕ್ಕೆ ಚರ್ಮ ತಾಗಿದರೆ ಸಾಕು. ಗೊನೊರಿಯಾದ ರೋಗಾಣು ಸ್ಖಲನಕ್ಕೆ ಮೊದಲೇ ಮೂತ್ರನಾಳದ ಬಾಯಲ್ಲಿ ಇರುತ್ತದೆ. ಆದ್ದರಿಂದ ಕೊನೆ ಗಳಿಗೆಯಲ್ಲಿ ಸರಿದುಕೊಳ್ಳುವುದು ಎಚ್‌ಐವಿಯ ಅಪಾಯವನ್ನು ತಗ್ಗಿಸುತ್ತದೆ, ಉಳಿದವುಗಳ ಎದುರು ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಸಂಭೋಗಕ್ಕಿಂತ ಸುರಕ್ಷಿತ ಎಂಬ ಮಾತು ಎಚ್‌ಐವಿಯ ಮಟ್ಟಿಗೆ ನಿಜ. ಅದನ್ನೇ ಎಲ್ಲ ರೋಗಗಳಿಗೂ ಅನ್ವಯಿಸಿದರೆ ತಪ್ಪಾಗುತ್ತದೆ. ಹಾಗೆಂದು ಎಲ್ಲ ದಂಪತಿಗಳೂ ಗಾಬರಿಯಾಗಬೇಕಿಲ್ಲ. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡು ಸೋಂಕಿಲ್ಲ ಎಂದು ಖಚಿತವಾಗಿದ್ದು, ಇಬ್ಬರಿಗೂ ಬೇರೆ ಸಂಗಾತಿ ಇಲ್ಲದಿದ್ದರೆ, ಬಾಯಲ್ಲಾಗಲಿ ಜನನಾಂಗದಲ್ಲಾಗಲಿ ಹುಣ್ಣಿಲ್ಲದಿದ್ದರೆ, ಅಪಾಯ ತೀರಾ ಕಡಿಮೆ. ಕಾಂಡೋಮ್ ಮುಖ್ಯವಾಗುವುದು ಹೊಸ ಸಂಗಾತಿಯೊಂದಿಗೆ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದಾಗ, ಪರೀಕ್ಷೆಯೇ ಆಗಿಲ್ಲದಿದ್ದಾಗ.

ಪ್ರಶ್ನೆ: ಮೂರು ವಾರದ ಹಿಂದೆ ಪರಿಚಯವಿಲ್ಲದ ಮಹಿಳೆಯೊಬ್ಬರು ನನಗೆ ಕಾಂಡೋಮ್ ಇಲ್ಲದೆ ಮುಖಮೈಥುನ ಮಾಡಿದರು. ಅಂದಿನಿಂದ ಎಚ್‌ಐವಿ ಭಯ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಏನು ಮಾಡಲಿ?

ನಿಮಗೆ ಎಚ್‌ಐವಿ ತಗಲಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಎಚ್‌ಐವಿ ಎಂಜಲಿನಿಂದ ಹರಡುವುದಿಲ್ಲ. ಎಂಜಲಲ್ಲೇ ಆ ವೈರಸ್ಸನ್ನು ತಡೆಯುವ ಅಂಶಗಳಿವೆ. ಮುಖಮೈಥುನದಲ್ಲಿ ಎಚ್‌ಐವಿ ಬಗ್ಗೆ ಸ್ವಲ್ಪವಾದರೂ ಯೋಚಿಸಬೇಕಾದವರು ಮಾಡುವವರು. ಅದೂ ಒಸಡಲ್ಲಿ ರಕ್ತ ಸೋರುತ್ತಿದ್ದು, ಬಾಯಲ್ಲಿ ಹುಣ್ಣಿದ್ದು, ಸೋಂಕಿರುವವರ ವೀರ್ಯ ಬಾಯಿಗೆ ಬಿದ್ದಾಗ. ಎಚ್‌ಐವಿ ಇದ್ದೂ ನಿಯಮಿತವಾಗಿ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ.

ಸೋಂಕು ತಗಲದಂತೆ ಆಮೇಲೆ ತೆಗೆದುಕೊಳ್ಳುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಆ ಅವಧಿ ದಾಟಿದೆ. ದಾಟದಿದ್ದರೂ ನೀವು ಹೇಳಿದಂಥ ಸಂಪರ್ಕಕ್ಕೆ ವೈದ್ಯರು ಅದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಪರೀಕ್ಷೆ ಬೇಕೆಂದರೆ, ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆಯನ್ನು (ವೈರಸ್ಸಿನ ಅಂಶ, ಆ್ಯಂಟಿಬಾಡಿ ಎರಡನ್ನೂ ಹುಡುಕುವಂಥದ್ದು) 45 ದಿನ ಕಳೆದ ಮೇಲೆ ಮಾಡಿಸಿ. ಈಗಲೇ ಮಾಡಿಸಿದರೆ ‘ಇಲ್ಲ’ ಎಂದು ಬಂದರೂ ಮತ್ತೆ ಮಾಡಿಸಬೇಕಾಗುತ್ತದೆ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ಹೆಚ್ಚು ಮುಖ್ಯದ್ದು. ಬಾಯಿಂದ ಮೂತ್ರನಾಳಕ್ಕೆ ಗೊನೊರಿಯಾ ಬರಬಹುದು. ಬಂದರೆ ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ ಮೂತ್ರ ಮಾಡುವಾಗ ಉರಿ, ಕೀವಿನಂಥ ಸ್ರಾವ ಕಾಣುತ್ತದೆ. ತುಟಿಯ ಹರ್ಪಿಸ್ ಬರಬಹುದು. ಅವರ ಬಾಯಲ್ಲಿ ಸಿಫಿಲಿಸ್ ಹುಣ್ಣಿದ್ದಿದ್ದರೆ ಅದೂ ಬರಬಹುದು. ಈ ವಾರ ಮೂತ್ರದಲ್ಲಿ ಗೊನೊರಿಯಾ, ಕ್ಲಮೈಡಿಯಾ ಪರೀಕ್ಷೆ ಮಾಡಿಸಿ. ಎಚ್‌ಐವಿ ಪರೀಕ್ಷೆಗೆ ರಕ್ತ ಕೊಡುವ ದಿನ ಸಿಫಿಲಿಸ್‌ಗೂ ಕೊಡಿ, ಮೂರು ತಿಂಗಳಾದ ಮೇಲೆ ಅದನ್ನು ಇನ್ನೊಮ್ಮೆ ನೋಡಿಸಿ. ಫಲಿತಾಂಶ ಬರುವವರೆಗೆ ನಿಮ್ಮ ಕಾಯಂ ಸಂಗಾತಿಯೊಂದಿಗೆ ಕಾಂಡೋಮ್ ಬಳಸಿ.

ಪ್ರಶ್ನೆ: ನನ್ನ ಪತಿಗೆ ಗೊನೊರಿಯಾ ಎಂದು ಗೊತ್ತಾಯಿತು. ನನ್ನ ಮೂತ್ರ ಪರೀಕ್ಷೆಯಲ್ಲಿ ಏನೂ ಇಲ್ಲ. ನಮ್ಮಿಬ್ಬರ ನಡುವೆ ಕೆಲವು ತಿಂಗಳಿಂದ ಮುಖಮೈಥುನ ಬಿಟ್ಟರೆ ಬೇರೇನೂ ನಡೆದಿಲ್ಲ. ನನಗೆ ಗಂಟಲು ನೋವೂ ಇಲ್ಲ. ಪಾರಾದೆ ಎಂದುಕೊಳ್ಳಬಹುದೇ?

ಇಲ್ಲ. ಪರೀಕ್ಷೆ ಆಗಬೇಕಿದ್ದದ್ದು ನಿಮ್ಮ ಗಂಟಲಿಗೆ. ಗಂಟಲಲ್ಲಿ ನೆಲೆಸಿದ ಗೊನೊರಿಯಾ ಮೂತ್ರದಲ್ಲಿ ಸಿಗುವುದಿಲ್ಲ. ಎಲ್ಲಿ ಸಂಪರ್ಕವಾಗಿದೆಯೋ ಅಲ್ಲಿಂದಲೇ ಮಾದರಿ ತೆಗೆಯಬೇಕು. ನೋವಿಲ್ಲ ಎಂಬುದನ್ನೂ ನಂಬುವಂತಿಲ್ಲ, ಯಾಕೆಂದರೆ ಗಂಟಲಿನ ಗೊನೊರಿಯಾದಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಇದ್ದರೂ ಮಾಮೂಲಿ ಗಂಟಲು ಕೆರೆತದ ಹಾಗಿರುತ್ತದೆ.

ಪರೀಕ್ಷೆ ಸುಲಭ. ಉದ್ದ ಕಡ್ಡಿಯ ತುದಿಯ ಹತ್ತಿಯನ್ನು ಎರಡೂ ಟಾನ್ಸಿಲ್ ಮೇಲೆ, ಗಂಟಲಿನ ಹಿಂಗೋಡೆಯ ಮೇಲೆ ಕೆಲವು ಸೆಕೆಂಡು ಉಜ್ಜಿ ತೆಗೆಯುತ್ತಾರೆ. ಒಂದು ಸಲ ಓಕರಿಕೆ ಬಂದಂತಾಗುತ್ತದೆ, ಅಷ್ಟೆ. ಆದರೆ ಕೇಳುವಾಗ ಸ್ಪಷ್ಟವಾಗಿ ಕೇಳಿ. ‘ಗಂಟಲಿನ ಕಲ್ಚರ್’ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಎಂದಷ್ಟೇ ಬರೆದರೆ ಪ್ರಯೋಗಾಲಯದವರು ಸಾಮಾನ್ಯ ಗಂಟಲು ನೋವಿನ ಬ್ಯಾಕ್ಟೀರಿಯಾ ಹುಡುಕುತ್ತಾರೆ. ಗೊನೊರಿಯಾದ ರೋಗಾಣು ಆ ಮಾಧ್ಯಮದಲ್ಲಿ ಸರಿಯಾಗಿ ಬೆಳೆಯುವುದಿಲ್ಲ, ವರದಿ ‘ಏನೂ ಇಲ್ಲ’ ಎಂದೇ ಬರುತ್ತದೆ. ಗೊನೊರಿಯಾಕ್ಕೆ ಎನ್‌ಎಎಟಿ ಪರೀಕ್ಷೆ (ರೋಗಾಣುವಿನ ಜೀನಿನ ಅಂಶ ಹುಡುಕುವುದು), ಗಂಟಲಿನ ಮಾದರಿಯಿಂದ — ಇದು ಚೀಟಿಯಲ್ಲಿ ಇರಬೇಕು.

ಚಿಕಿತ್ಸೆಯಲ್ಲೂ ಗಂಟಲು ಹಟಮಾರಿ ಜಾಗ. ಜನನಾಂಗದ ಸೋಂಕನ್ನು ವಾಸಿಮಾಡುವ ಔಷಧ ಗಂಟಲಿನ ಅಂಗಾಂಶದಲ್ಲಿ ಅಷ್ಟೇ ಪ್ರಮಾಣದಲ್ಲಿ ಸೇರುವುದಿಲ್ಲ. ಜೊತೆಗೆ ಗಂಟಲಲ್ಲಿ ಇದೇ ಕುಟುಂಬದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಕಾಯಂ ವಾಸವಿರುತ್ತವೆ. ಬೇರೆ ಬೇರೆ ಕಾಯಿಲೆಗೆ ನಾವು ನುಂಗಿದ ಆ್ಯಂಟಿಬಯೋಟಿಕ್‌ಗಳಿಗೆಲ್ಲ ಅವು ಜಗ್ಗದಂತೆ ಆಗಿರುತ್ತವೆ. ಆ ಶಕ್ತಿಯ ಜೀನುಗಳನ್ನು ಗೊನೊರಿಯಾದ ರೋಗಾಣು ಅವುಗಳಿಂದ ಪಡೆದುಕೊಳ್ಳುತ್ತದೆ. ಔಷಧಕ್ಕೆ ಬಗ್ಗದ ಗೊನೊರಿಯಾ ಜಗತ್ತಿನಾದ್ಯಂತ ಹೆಚ್ಚುತ್ತಿರುವುದರಲ್ಲಿ ಗಂಟಲಿನ ಪಾತ್ರ ದೊಡ್ಡದು. ಹೀಗಾಗಿ ಅಂಗಡಿಯಿಂದ ತಂದ ಒಂದೆರಡು ಅಜಿಥ್ರೊಮೈಸಿನ್ ಮಾತ್ರೆಯಿಂದ ಕೆಲಸ ಮುಗಿಸಲು ಹೋಗಬೇಡಿ. ಸದ್ಯ ಕೊಡುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಒಂದೇ ಸಲ. ಅನುಸರಿಸುವ ಮಾರ್ಗಸೂಚಿಯಂತೆ 500 ಮಿಲಿಗ್ರಾಂ ಅಥವಾ 1 ಗ್ರಾಂ. ಚಿಕಿತ್ಸೆಯಾದ 7ರಿಂದ 14 ದಿನಕ್ಕೆ ಗಂಟಲನ್ನು ಮತ್ತೆ ಪರೀಕ್ಷಿಸಿ ಸೋಂಕು ಹೋಗಿದೆಯೇ ಎಂದು ನೋಡಬೇಕು. ಜನನಾಂಗದ ಗೊನೊರಿಯಾದಲ್ಲಿ ಇದನ್ನು ಎಲ್ಲರಿಗೂ ಕಡ್ಡಾಯ ಮಾಡುವುದಿಲ್ಲ, ಗಂಟಲಿನದಕ್ಕೆ ಬಿಡುವಂತಿಲ್ಲ.

ಇಬ್ಬರೂ ಒಂದೇ ಹೊತ್ತಿಗೆ ಚಿಕಿತ್ಸೆ ಪಡೆಯಿರಿ, ಆಮೇಲೆ ಏಳು ದಿನ ಬಾಯಿಯೂ ಸೇರಿದಂತೆ ಯಾವ ಸಂಪರ್ಕವೂ ಬೇಡ. ಕಳೆದ 60 ದಿನಗಳಲ್ಲಿ ನಿಮ್ಮ ಪತಿಗೆ ಬೇರೆ ಸಂಗಾತಿ ಇದ್ದಿದ್ದರೆ ಅವರಿಗೂ ತಿಳಿಸಬೇಕು. ಇದು ಕಷ್ಟದ ಮಾತು ಎಂದು ಗೊತ್ತು. ಹೇಳದೆ ಹೋದರೆ ಸೋಂಕು ಸುತ್ತಿ ನಿಮ್ಮಲ್ಲಿಗೇ ಮರಳುತ್ತದೆ.

ಪ್ರಶ್ನೆ: ನನಗೆ ವರ್ಷಕ್ಕೆ ಒಂದೆರಡು ಸಲ ತುಟಿಯ ಅಂಚಿನಲ್ಲಿ ಗುಳ್ಳೆ ಏಳುತ್ತದೆ, ಚಿಕ್ಕಂದಿನಿಂದಲೂ ಇದೆ. ಈಗ ಹೆಂಡತಿಯ ಜನನಾಂಗದಲ್ಲಿ ನೋವಿನ ಗುಳ್ಳೆಗಳಾಗಿ ‘ಹರ್ಪಿಸ್’ ಎಂದಿದ್ದಾರೆ. ಅವಳು ನನ್ನನ್ನು ಅನುಮಾನಿಸುತ್ತಾಳೆ, ನಾನು ಅವಳನ್ನು. ನಾವಿಬ್ಬರೂ ಬೇರೆಲ್ಲೂ ಹೋಗಿಲ್ಲ.

ನೀವಿಬ್ಬರೂ ನಿಜ ಹೇಳುತ್ತಿರಬಹುದು. ನಿಮ್ಮ ತುಟಿಯ ಗುಳ್ಳೆ ಬಹುತೇಕ ಹರ್ಪಿಸ್ ವೈರಸ್ಸಿನ ಮೊದಲನೇ ಬಗೆ, ಎಚ್‌ಎಸ್‌ವಿ-1. ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ ಮನೆಯವರ ಮುತ್ತಿನಿಂದ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಅದಿದೆ. ಮುಖಮೈಥುನದಲ್ಲಿ ತುಟಿಯಿಂದ ಜನನಾಂಗಕ್ಕೆ ದಾಟುತ್ತದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೂ ಹೀಗಾಗಬಹುದು. ಹುಣ್ಣಿನಿಂದ ತೆಗೆದ ಮಾದರಿಯ ಪಿಸಿಆರ್ ಪರೀಕ್ಷೆಯಲ್ಲಿ ಒಂದನೇ ಬಗೆಯೋ ಎರಡನೆಯದೋ ಎಂದು ಗೊತ್ತಾಗುತ್ತದೆ, ಗುಳ್ಳೆ ಹಸಿಯಾಗಿರುವಾಗಲೇ ಮಾಡಿಸಬೇಕು. ರಕ್ತದ ಆ್ಯಂಟಿಬಾಡಿ ಪರೀಕ್ಷೆಯನ್ನು ಹಿಡಿದು ಜಗಳಕ್ಕೆ ಕೂರಬೇಡಿ. ಸೋಂಕು ಯಾವಾಗ ಬಂತು, ಯಾರಿಂದ ಬಂತು, ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ.

ತುಟಿಯ ಗುಳ್ಳೆ ಬರುವ ಕ್ರಮವನ್ನು ನೀವು ಗಮನಿಸಿಯೇ ಇರುತ್ತೀರಿ. ಮೊದಲು ತುಟಿಯ ಅಂಚಿನ ಒಂದೇ ಜಾಗದಲ್ಲಿ ಜುಮುಗುಡುತ್ತದೆ, ಉರಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದೆರಡು ದಿನದಲ್ಲಿ ಸಾಸಿವೆ ಗಾತ್ರದ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ, ಒಡೆದು ಒಸರುತ್ತವೆ, ಹಳದಿ ಹೊಪ್ಪಳೆ ಕಟ್ಟುತ್ತದೆ, ವಾರ ಹತ್ತು ದಿನದಲ್ಲಿ ಉದುರುತ್ತದೆ. ಆ ಮೊದಲ ಜುಮುಗುಡುವಿಕೆಯಿಂದ ಹಿಡಿದು ಹೊಪ್ಪಳೆ ಪೂರ್ತಿ ಉದುರಿ ಹೊಸ ಚರ್ಮ ಬರುವ ತನಕ ಮುತ್ತೂ ಬೇಡ, ಮುಖಮೈಥುನವೂ ಬೇಡ. ಗುಳ್ಳೆ ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ. ಕಣ್ಣಿಗೆ ಹರ್ಪಿಸ್ ತಗಲಿದರೆ ದೃಷ್ಟಿಗೇ ಅಪಾಯ. ಏನೂ ಕಾಣದ ದಿನಗಳಲ್ಲೂ ಕೆಲವೊಮ್ಮೆ ವೈರಸ್ ಹೊರಬರುತ್ತದೆ, ಆದ್ದರಿಂದ ಅಪಾಯ ಸೊನ್ನೆಯಾಗದು, ಬಹಳ ಕಡಿಮೆಯಾಗುತ್ತದೆ.

ನಿಮ್ಮ ಹೆಂಡತಿಗೆ ಇದು ಮೊದಲ ಸಲವಾದ್ದರಿಂದ ಜ್ವರ, ತೊಡೆಸಂದಿನ ಗಂಟು, ಮೂತ್ರ ಮಾಡುವಾಗ ತಡೆಯಲಾಗದ ಉರಿ ಇರಬಹುದು. ಎಸಿಕ್ಲೊವಿರ್ ಮಾತ್ರೆಯನ್ನು ಮೊದಲ ಸಲದ ಹರ್ಪಿಸ್‌ಗೆ ಸಾಮಾನ್ಯವಾಗಿ 400 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, 7ರಿಂದ 10 ದಿನ ಕೊಡುತ್ತಾರೆ. ಮೊದಲ ಮೂರು ದಿನದೊಳಗೆ ಶುರುಮಾಡಿದರೆ ಗುಣ ಹೆಚ್ಚು. ಮುಲಾಮಿನಿಂದ ಹೆಚ್ಚೇನೂ ಆಗುವುದಿಲ್ಲ. ಒಂದು ಸಮಾಧಾನದ ವಿಷಯವಿದೆ: ಜನನಾಂಗಕ್ಕೆ ಬಂದ ಒಂದನೇ ಬಗೆಯ ಹರ್ಪಿಸ್ ಎರಡನೇ ಬಗೆಯಷ್ಟು ಪದೇಪದೇ ಮರುಕಳಿಸುವುದಿಲ್ಲ.

ಇನ್ನೊಂದು ಮಾತು, ಬೇರೆ ಪತ್ರಗಳಲ್ಲೂ ಈ ಗೊಂದಲವಿದೆ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಬಿಳಿ ಮಧ್ಯ, ಕೆಂಪು ಅಂಚಿನ ಸಾಮಾನ್ಯ ಬಾಯಿಹುಣ್ಣು ಹರ್ಪಿಸ್ ಅಲ್ಲ, ಅದು ಅಂಟುವುದಿಲ್ಲ. ಆದರೆ ಆ ಹುಣ್ಣು ಇತರ ಸೋಂಕುಗಳಿಗೆ ತೆರೆದ ಬಾಗಿಲು.

ಪ್ರಶ್ನೆ: ನಾಲಿಗೆ ತುದಿಯ ಪಕ್ಕದಲ್ಲಿ ಒಂದು ಹುಣ್ಣಾಗಿತ್ತು, ನೋವೇ ಇರಲಿಲ್ಲ. ಸುಮಾರು ಒಂದು ತಿಂಗಳಿಗೆ ತಾನೇ ಹೋಯಿತು. ಈಗ ಅಂಗೈ, ಅಂಗಾಲಲ್ಲಿ ಕಂದು ಕೆಂಪು ಚುಕ್ಕೆಗಳು, ತುರಿಕೆ ಇಲ್ಲ. ಅಲರ್ಜಿ ಇರಬಹುದೇ?

ಈ ವಾರವೇ ಚರ್ಮ ಮತ್ತು ಲೈಂಗಿಕ ರೋಗ ತಜ್ಞರ ಬಳಿ ಹೋಗಿ. ನೋವಿಲ್ಲದ ಒಂಟಿ ಹುಣ್ಣು, ಅದು ಮಾಯವಾದ ಮೇಲೆ ಅಂಗೈ ಅಂಗಾಲಿನ ಚುಕ್ಕೆ: ಸಿಫಿಲಿಸ್ ನಡೆಯುವ ದಾರಿ ಇದೇ. ಸಂಪರ್ಕವಾದ 10ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ರೋಗಾಣು ಹೊಕ್ಕ ಜಾಗದಲ್ಲೇ ಗಟ್ಟಿ ಅಂಚಿನ ಹುಣ್ಣಾಗುತ್ತದೆ. ತುಟಿ, ನಾಲಿಗೆ, ಟಾನ್ಸಿಲ್ ಯಾವುದೂ ಆಗಬಹುದು. ಮೂರರಿಂದ ಆರು ವಾರದಲ್ಲಿ ಅದು ತಾನೇ ಮಾಯುತ್ತದೆ, ಜನ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ರೋಗಾಣು ರಕ್ತ ಸೇರಿ ಮೈಯೆಲ್ಲ ಹರಡಿರುತ್ತದೆ. ಈ ಚುಕ್ಕೆಗಳೂ ಚಿಕಿತ್ಸೆಯಿಲ್ಲದೆ ಹೋಗುತ್ತವೆ. ಆದರೆ ಒಳಗುಳಿದ ರೋಗಾಣು ವರ್ಷಗಳ ನಂತರ ಹೃದಯ, ಮಿದುಳು, ಕಣ್ಣಿಗೆ ತೊಂದರೆ ಕೊಡಬಲ್ಲದು. ಕಣ್ಣು, ಕಿವಿ, ನರದ ತೊಂದರೆ ಆರಂಭದಲ್ಲೇ ಬರುವುದೂ ಉಂಟು.

ಬೇಕಿರುವುದು ರಕ್ತ ಪರೀಕ್ಷೆ: ವಿಡಿಆರ್‌ಎಲ್ ಅಥವಾ ಆರ್‌ಪಿಆರ್, ಜೊತೆಗೆ ಖಚಿತಪಡಿಸಲು ಟಿಪಿಎಚ್‌ಎಯಂಥ ಇನ್ನೊಂದು. ಚುಕ್ಕೆ ಎದ್ದ ಹಂತದಲ್ಲಿ ಇವು ತಪ್ಪುವುದು ಅಪರೂಪ. ಈ ಹಂತಕ್ಕೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಸ್ನಾಯುವಿಗೆ ಒಂದೇ ಸಲ ಕೊಟ್ಟರೆ ಸಾಕು. ಸೋಂಕು ಬಂದು ಎಷ್ಟು ಕಾಲವಾಗಿದೆ ಎಂದು ಗೊತ್ತಿಲ್ಲದಿದ್ದರೆ ಅಷ್ಟನ್ನೇ ವಾರಕ್ಕೊಮ್ಮೆಯಂತೆ ಮೂರು ಸಲ ಕೊಡುತ್ತಾರೆ. ಇಂಜೆಕ್ಷನ್ ಪಡೆದ 24 ಗಂಟೆಯೊಳಗೆ ಜ್ವರ, ಮೈಕೈ ನೋವು, ಚುಕ್ಕೆ ಹೆಚ್ಚಿದಂತೆ ಕಾಣುವುದು ಆಗಬಹುದು. ಅದು ಬಹುಪಾಲು ರೋಗಾಣು ಸಾಯುವಾಗಿನ ಪ್ರತಿಕ್ರಿಯೆ, ಒಂದು ದಿನದಲ್ಲಿ ಇಳಿಯುತ್ತದೆ. ಉಸಿರಾಟದ ತೊಂದರೆ, ಮುಖ ಊದಿಕೊಳ್ಳುವುದು ಮಾತ್ರ ಬೇರೆ. ಅದು ಅಲರ್ಜಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ರಕ್ತ ಕೊಟ್ಟು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪ್ರಮಾಣ ಇಳಿದಿದೆಯೇ ನೋಡಿಸಿ. ಅಲ್ಲಿಯವರೆಗೆ ಕಾಯದೆ ಸಂಗಾತಿಗೆ ಈಗಲೇ ತಿಳಿಸಿ. ಅವರು ಗರ್ಭಿಣಿಯಾಗಿದ್ದರೆ ಒಂದು ದಿನವೂ ತಡಮಾಡಬೇಡಿ, ಮಗುವಿಗೆ ಅಪಾಯವಿದೆ.

ಪ್ರಶ್ನೆ: ಮುಖಮೈಥುನದಿಂದ ಗಂಟಲು ಕ್ಯಾನ್ಸರ್ ಬರುತ್ತದೆ ಎಂದು ಓದಿ ಹೆದರಿದ್ದೇನೆ. ನಿಜವೇ? ಪರೀಕ್ಷೆ ಇದೆಯೇ?

ನಿಜದ ಒಂದು ಎಳೆ ಇದೆ, ಅದನ್ನು ಸರಿಯಾದ ಅಳತೆಯಲ್ಲಿ ನೋಡಬೇಕು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16ನೆಯದು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಬಾಯಿಗೆ ಅದು ಬರುವ ಮುಖ್ಯ ದಾರಿ ಮುಖಮೈಥುನ. ಆದರೆ ವೈರಸ್ ತಗಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ಹೊರಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ, ಅದೂ ಹತ್ತಾರು ವರ್ಷಗಳ ಮೇಲೆ, ಕೆಲವೇ ಮಂದಿಗೆ ಕ್ಯಾನ್ಸರ್ ಆಗುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ತಂಬಾಕು ಸೇದುವವರ ದೇಹ ವೈರಸ್ಸನ್ನು ಹೊರಹಾಕುವುದು ಕಷ್ಟ, ಹಾಗಾಗಿ ನೀವು ಸೇದುವವರಾದರೆ ಇಂದೇ ಮಾಡಬಹುದಾದ ಕೆಲಸ ಅದನ್ನು ಬಿಡುವುದು.

ಗಂಟಲಿನ ಎಚ್‌ಪಿವಿಗೆ ಆರೋಗ್ಯವಂತರಲ್ಲಿ ಮಾಡುವಂಥ, ಮಾನ್ಯತೆ ಪಡೆದ ತಪಾಸಣೆ ಇಲ್ಲ. ಗರ್ಭಕಂಠದ ಪ್ಯಾಪ್ ಪರೀಕ್ಷೆಯಿಂದ ಗಂಟಲಿನದು ತಿಳಿಯುವುದಿಲ್ಲ. ಆದ್ದರಿಂದ ಲಕ್ಷಣ ಗೊತ್ತಿರಬೇಕು. ಕುತ್ತಿಗೆಯ ಒಂದು ಪಕ್ಕದಲ್ಲಿ ನೋವಿಲ್ಲದ ಗಂಟು ಇದರ ಮೊದಲ ಗುರುತಾಗಿರುವುದು ತುಂಬಾ ಸಾಮಾನ್ಯ. ಗಡ್ಡ ಹೆರೆಯುವಾಗ ಕೈಗೆ ಸಿಗುತ್ತದೆ. ಗಂಟಲು ನೋವು, ನುಂಗಲು ಕಷ್ಟ, ಒಂದೇ ಕಿವಿಯ ನೋವು, ದನಿ ಬದಲಾಗುವುದು, ಒಂದು ಟಾನ್ಸಿಲ್ ಮಾತ್ರ ದೊಡ್ಡದಾಗುವುದು. ಇವುಗಳಲ್ಲಿ ಯಾವುದಾದರೂ ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಎಚ್‌ಪಿವಿಯಿಂದಾದ ಗಂಟಲಿನ ಕ್ಯಾನ್ಸರ್ ತಂಬಾಕಿನಿಂದಾದದ್ದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಲಸಿಕೆ ಇದೆ, ಹೆಣ್ಣುಮಕ್ಕಳಿಗೆ ಮಾತ್ರವಲ್ಲ. ಲೈಂಗಿಕ ಜೀವನ ಶುರುವಾಗುವ ಮೊದಲೇ ಹಾಕಿಸಿದರೆ ಪೂರ್ಣ ಪ್ರಯೋಜನ. 9ರಿಂದ 14 ವಯಸ್ಸಿನವರಿಗೆ ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ (ಒಂದೇ ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ), 15 ದಾಟಿದವರಿಗೆ ಆರು ತಿಂಗಳೊಳಗೆ ಮೂರು. 26ರವರೆಗೆ ಹಾಕಿಸಿಕೊಳ್ಳುವುದು ರೂಢಿ; 27ರಿಂದ 45ರವರು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಬಹುದು. ಈಗಾಗಲೇ ಒಳಗಿರುವ ಸೋಂಕನ್ನು ಲಸಿಕೆ ಓಡಿಸುವುದಿಲ್ಲ, ಇನ್ನೂ ತಗಲದ ಬಗೆಗಳನ್ನು ತಡೆಯುತ್ತದೆ. ಗಂಡುಮಕ್ಕಳ ತಂದೆತಾಯಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಗಂಡಸಿಗಾದರೆ ಕಾಂಡೋಮ್ ಸರಿ. ಹೆಂಡತಿಗೆ ಮಾಡುವಾಗ ಏನು ಬಳಸುವುದು? ಕಾಂಡೋಮ್ ರುಚಿ, ವಾಸನೆ ಹಿಡಿಸುವುದಿಲ್ಲ.

ಹೆಂಗಸರಿಗೆ ಮಾಡುವಾಗ ಬಳಸಲು ಡೆಂಟಲ್ ಡ್ಯಾಮ್ ಎಂಬ ತೆಳು ರಬ್ಬರ್ ಹಾಳೆ ಬರುತ್ತದೆ, ಸುಮಾರು 15 ಸೆಂಟಿಮೀಟರ್ ಚೌಕ. ಸಿಗದಿದ್ದರೆ ಕಾಂಡೋಮಿನಿಂದಲೇ ಮಾಡಿಕೊಳ್ಳಬಹುದು. ಕಾಂಡೋಮನ್ನು ಪೂರ್ತಿ ಬಿಡಿಸಿ. ಕತ್ತರಿಯಿಂದ ಮುಚ್ಚಿದ ತುದಿಯನ್ನು ಕತ್ತರಿಸಿ ತೆಗೆಯಿರಿ, ಇನ್ನೊಂದು ತುದಿಯ ದಪ್ಪ ಉಂಗುರವನ್ನೂ ತೆಗೆಯಿರಿ. ಈಗ ಉಳಿದ ಕೊಳವೆಯನ್ನು ಉದ್ದಕ್ಕೆ ಒಂದು ಕಡೆ ಸೀಳಿ ಬಿಚ್ಚಿದರೆ ಚೌಕಾಕಾರದ ಹಾಳೆಯಾಗುತ್ತದೆ. ವೀರ್ಯನಾಶಕ ಲೇಪವಿರುವ ಕಾಂಡೋಮ್ ಇದಕ್ಕೆ ಬೇಡ. ಆ ರಾಸಾಯನಿಕ ಬಾಯಿಯ ಪೊರೆಯನ್ನು ಕೆರಳಿಸುತ್ತದೆ, ನಾಲಿಗೆ ಮರಗಟ್ಟಿದಂತಾಗುತ್ತದೆ.

ಹಾಳೆಯನ್ನು ಯೋನಿದ್ವಾರ ಪೂರ್ತಿ ಮುಚ್ಚುವಂತೆ ಹರಡಿ, ಎರಡೂ ಕೈಯಿಂದ ಅಂಚು ಹಿಡಿದುಕೊಳ್ಳಬೇಕು. ಎಳೆದು ಬಿಗಿಮಾಡಬಾರದು, ಹರಿಯುತ್ತದೆ. ಮೈಗೆ ತಾಗುವ ಬದಿಗೆ ಎರಡು ಹನಿ ನೀರು ಆಧಾರಿತ ಜಾರುಕ (ಲ್ಯೂಬ್ರಿಕೆಂಟ್) ಹಚ್ಚಿದರೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ನಡುವೆ ಹಾಳೆ ಜಾರಿಬಿದ್ದು ಮತ್ತೆ ಹಾಕುವಾಗ ಬದಿ ತಿರುಗಿದರೆ ಇಡೀ ಪ್ರಯತ್ನ ವ್ಯರ್ಥ, ಹೊಸದನ್ನು ತೆಗೆದುಕೊಳ್ಳಿ. ಅದಕ್ಕೇ ಶುರುವಿನಲ್ಲೇ ಒಂದು ಮೂಲೆಯಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡರೆ ಅನುಕೂಲ. ಯೋನಿಗೆ ಬಳಸಿದ್ದನ್ನು ಗುದಕ್ಕೆ, ಗುದಕ್ಕೆ ಬಳಸಿದ್ದನ್ನು ಯೋನಿಗೆ ಬಳಸಕೂಡದು.

ಕಾಂಡೋಮ್ ಆದರೆ ಶಿಶ್ನ ಗಡುಸಾದ ಮೇಲೆ, ಬಾಯಿ ತಾಗುವ ಮೊದಲೇ ಹಾಕಬೇಕು. ಹಲ್ಲಿನಿಂದ ಪೊಟ್ಟಣ ಹರಿಯುವುದು, ಹಲ್ಲು ತಾಗಿಸುವುದು ಬೇಡ. ಎಣ್ಣೆ, ವ್ಯಾಸಲೀನ್, ಕ್ರೀಮ್ ಯಾವುದನ್ನು ಹಚ್ಚಿದರೂ ಲೇಟೆಕ್ಸ್ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ರುಚಿಯ ಸಮಸ್ಯೆಗೆ ಜಾರುಕವಿಲ್ಲದ ಕಾಂಡೋಮ್ ಅಥವಾ ಪರಿಮಳದ ಕಾಂಡೋಮ್ ನೋಡಿ. ಪರಿಮಳದ್ದನ್ನು ಬಾಯಿಗೆ ಮಾತ್ರ ಇಟ್ಟುಕೊಳ್ಳಿ. ಅದರಲ್ಲಿ ಸಿಹಿ ಅಂಶವಿದ್ದರೆ ಯೋನಿಯಲ್ಲಿ ಕೆರಳಿಕೆ, ಬೂಷ್ಟಿನ ಸೋಂಕು ಆಗಬಹುದು. ಮುಖಮೈಥುನದಿಂದ ಸಂಭೋಗಕ್ಕೆ ಹೋಗುವಾಗ ಹೊಸ ಕಾಂಡೋಮ್. ಲೇಟೆಕ್ಸ್ ಒಗ್ಗದೆ ತುಟಿ ಊದುವವರಿಗೆ ಪಾಲಿಯುರೆಥೇನ್, ಪಾಲಿಐಸೊಪ್ರೀನಿನವು ಇವೆ.

ಪ್ರಶ್ನೆ: ಮೊದಲೇ ಹಲ್ಲುಜ್ಜಿಕೊಂಡು, ಆಮೇಲೆ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದರೆ ಸಾಲದೇ?

ಸಾಲದು. ಮೊದಲನೆಯದಂತೂ ತಿರುಗುಬಾಣ. ಬ್ರಷ್, ಹಲ್ಲುಸಂದಿಯ ದಾರ ಒಸಡಿನಲ್ಲಿ ಕಣ್ಣಿಗೆ ಕಾಣದ ಗೀರು ಮಾಡುತ್ತವೆ, ರಕ್ತ ಬರುವ ಒಸಡಾದರೆ ಇನ್ನೂ ಹೆಚ್ಚು. ಆಗಷ್ಟೇ ಉಜ್ಜಿದ ಬಾಯಿ ಸೋಂಕಿಗೆ ತೆರೆದಿಟ್ಟಂತೆ. ಬಾಯಿ ವಾಸನೆಯ ಚಿಂತೆಯಿದ್ದರೆ ಬರೀ ನೀರಿನಿಂದ ಮುಕ್ಕಳಿಸಿ. ಹಲ್ಲು ಕೀಳಿಸಿಕೊಂಡಿದ್ದರೆ, ಒಸಡಿನ ಚಿಕಿತ್ಸೆಯಾಗಿದ್ದರೆ ಗಾಯ ಮಾಯುವವರೆಗೆ ಮುಖಮೈಥುನ ಬಿಡಿ. ಮೌತ್‌ವಾಶ್ ಗಂಟಲಿನ ಗೊನೊರಿಯಾ ತಡೆಯುತ್ತದೆ ಎಂಬ ಆಸೆ ಪ್ರಯೋಗಗಳಲ್ಲಿ ನಿಂತಿಲ್ಲ. ವೀರ್ಯ ಉಗುಳುವುದೋ ನುಂಗುವುದೋ ಎಂದು ಕೆಲವರು ಕೇಳಿದ್ದಾರೆ. ಬಾಯಿಯ ಪೊರೆಗೆ ತಾಗಿಯಾದ ಮೇಲೆ ಎರಡರ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ಬಾಯಲ್ಲಿ ಇಟ್ಟುಕೊಂಡಿರುವುದೊಂದು ಬೇಡ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಮುಖಮೈಥುನದಿಂದ ಮಗುವಿಗೆ ತೊಂದರೆಯೇ?

ಇಬ್ಬರಿಗೂ ಸೋಂಕಿಲ್ಲದಿದ್ದರೆ ಅದರಿಂದ ಮಗುವಿಗೆ ತೊಂದರೆಯಿಲ್ಲ. ಎರಡು ಎಚ್ಚರಿಕೆ ಮಾತ್ರ ತಪ್ಪಬಾರದು. ಯೋನಿಯೊಳಗೆ ಗಾಳಿ ಊದಬಾರದು: ಗರ್ಭಿಣಿಯ ರಕ್ತನಾಳಕ್ಕೆ ಗಾಳಿಗುಳ್ಳೆ ಹೊಕ್ಕು ಪ್ರಾಣಾಪಾಯವಾಗಬಹುದು. ಅಪರೂಪ, ಆದರೆ ಆಗಿದೆ. ಎರಡನೆಯದು ಹರ್ಪಿಸ್. ಕೊನೆಯ ಮೂರು ತಿಂಗಳಲ್ಲಿ ತಾಯಿಗೆ ಮೊದಲ ಸಲ ಜನನಾಂಗದ ಹರ್ಪಿಸ್ ಬಂದರೆ, ಮಗುವಿಗೆ ರಕ್ಷಣೆ ಕೊಡುವ ಆ್ಯಂಟಿಬಾಡಿ ತಯಾರಾಗಲು ಸಮಯ ಇರುವುದಿಲ್ಲ, ಹೆರಿಗೆಯಲ್ಲಿ ಮಗುವಿಗೆ ತಗಲಿದರೆ ಜೀವಕ್ಕೇ ಸಂಚಕಾರ. ನಿಮ್ಮ ಪತಿಗೆ ಎಂದಾದರೂ ತುಟಿ ಗುಳ್ಳೆ ಬಂದಿದ್ದು ನಿಮಗೆ ಬಂದಿಲ್ಲವಾದರೆ, ಹೆರಿಗೆಯವರೆಗೆ ನಿಮಗೆ ಮುಖಮೈಥುನ ಮಾಡಿಸಿಕೊಳ್ಳುವುದನ್ನು ನಿಲ್ಲಿಸಿ. ಈ ವಿಷಯವನ್ನು ಹೆರಿಗೆ ವೈದ್ಯರಿಗೂ ಹೇಳಿ.

ಪ್ರಶ್ನೆ: ಗುದದ ಭಾಗಕ್ಕೆ ಬಾಯಿ ತಾಗಿಸಿದ ಎರಡು ದಿನಕ್ಕೆ ಜ್ವರ, ರಕ್ತ ಬೆರೆತ ಭೇದಿ ಶುರುವಾಗಿದೆ. ಸಂಬಂಧ ಇದೆಯೇ?

ಇರಬಹುದು. ಮಲದ ಕಣ್ಣಿಗೆ ಕಾಣದ ಅಂಶ ಬಾಯಿಗೆ ಹೋದರೂ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ ಭೇದಿ ಬರುತ್ತದೆ, ತೀರಾ ಕಡಿಮೆ ರೋಗಾಣು ಸಾಕು. ಸಾಮಾನ್ಯವಾಗಿ ಒಂದರಿಂದ ಮೂರು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಈಗಲೇ ವೈದ್ಯರಿಗೆ ತೋರಿಸಿ, ಮಲ ಪರೀಕ್ಷೆ ಮಾಡಿಸಿ. ನಿರ್ಜಲೀಕರಣ ಆಗದಂತೆ ಒಆರ್‌ಎಸ್ ಕುಡಿಯುತ್ತಿರಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ನುಂಗಬೇಡಿ. ಭೇದಿ ನಿಂತ ಮೇಲೂ ಕನಿಷ್ಠ ಒಂದು ವಾರ ಸಂಪರ್ಕ ಬೇಡ. ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ, ಯಕೃತ್ತಿನ ಸೋಂಕಾದ ಹೆಪಟೈಟಿಸ್ ಎ ಕೂಡ ಇದೇ ದಾರಿಯಲ್ಲಿ ಬರುತ್ತವೆ. ಹೆಪಟೈಟಿಸ್ ಎಗೆ ಎರಡು ಡೋಸಿನ ಲಸಿಕೆ ಇದೆ.

ಪ್ರಶ್ನೆ: ಇದನ್ನೆಲ್ಲ ವೈದ್ಯರ ಮುಂದೆ ಹೇಗೆ ಹೇಳುವುದು? ನಾಚಿಕೆಯಾಗುತ್ತದೆ. ಸುಮ್ಮನೆ ‘ಎಲ್ಲ ಪರೀಕ್ಷೆ ಮಾಡಿ’ ಎಂದರೆ ಸಾಕೇ?

ಸಾಲದು. ‘ಎಲ್ಲ’ ಎಂದರೆ ಸಾಮಾನ್ಯವಾಗಿ ರಕ್ತ ಮತ್ತು ಮೂತ್ರ ಹೋಗುತ್ತವೆ, ಗಂಟಲು ಉಳಿಯುತ್ತದೆ. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ, ಓದಲು ಮುಜುಗರವಾದರೆ ಕೈಗೆ ಕೊಡಿ: “ಇಂಥ ದಿನ ಕಾಂಡೋಮ್ ಇಲ್ಲದೆ ಮುಖಮೈಥುನ ಆಗಿದೆ. ನಾನು ಮಾಡಿದ್ದು (ಅಥವಾ ನನಗೆ ಮಾಡಿದ್ದು). ಸಂಗಾತಿಗೆ ಇಂಥ ಸೋಂಕಿದೆ (ಅಥವಾ ಗೊತ್ತಿಲ್ಲ). ಗಂಟಲಿನ ಮಾದರಿಯನ್ನೂ ತೆಗೆಯಿರಿ.” ಇಷ್ಟು ವಿವರ ಸಿಕ್ಕರೆ ಯಾವ ಜಾಗದಿಂದ ಏನು ತೆಗೆಯಬೇಕೆಂದು ಅವರಿಗೆ ತಿಳಿಯುತ್ತದೆ. ಬೈಯುವ, ಉಪದೇಶಕ್ಕೆ ನಿಲ್ಲುವ ವೈದ್ಯರು ಸಿಕ್ಕರೆ ಬೇರೆಯವರನ್ನು ನೋಡಿ, ಪರೀಕ್ಷೆ ಬಿಡಬೇಡಿ.

ಹೋಗುವ ಹೊತ್ತೂ ಮುಖ್ಯ. ಲಕ್ಷಣವಿದ್ದರೆ ಅದೇ ದಿನ. ಲಕ್ಷಣವಿಲ್ಲದಿದ್ದರೆ ಗೊನೊರಿಯಾ, ಕ್ಲಮೈಡಿಯಾಕ್ಕೆ ಎರಡು ವಾರ ಕಳೆದ ಮೇಲೆ, ಎಚ್‌ಐವಿಗೆ 45 ದಿನದ ಮೇಲೆ, ಸಿಫಿಲಿಸ್‌ಗೆ ಆರು ವಾರ ಕಳೆದ ಮೇಲೆ ಒಂದು ಸಲ, ಮೂರು ತಿಂಗಳಾದ ಮೇಲೆ ಇನ್ನೊಂದು ಸಲ. ಹೋಗುವ ಮೊದಲು ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗಬೇಡಿ: ಸೋಂಕು ಪೂರ್ತಿ ಸಾಯದೆ ಅಡಗಿ, ಪರೀಕ್ಷೆ ತಪ್ಪು ಹೇಳಬಹುದು. ನುಂಗಿದ್ದರೆ ಯಾವ ಮಾತ್ರೆ, ಎಂದು, ಎಷ್ಟು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ.